ಟೀವಿಯೊಳಗಿನ ಕೈ

"ಆ ಕೈ ಬಿಟ್ಟುಬಿಡ್ರಿ. ಅದರಾಗ ಏನೂ ಉಳಿದಿಲ್ಲ."

ಭಾಗ್ಯಶ್ರೀ ಹೇಳಿದ್ದಷ್ಟೇ. ಟೀವಿಯೊಳಗಿದ್ದ ಗುರುಬಸವ ತಟ್ಟನೆ ತಲೆ ಎತ್ತಿದ. ಆ ನೋಟ... ಯಾರೋ ಕೆನ್ನೆಗೆ ಹೊಡೆದಂತಿತ್ತು!

"ಹೆಬ್ಬೆರಳಿನ ಬುಡದಾಗ ಒಂಚೂರು ಅದುರತೈತ್ರಿ ಮೇಡಂ. ನನ್ನ ಬೆರಳಿಗೆ ಗೊತ್ತಾಗಾಕತ್ತೈತಿ."

"ನನಗ ಕಾಣವಲ್ದು. ವ್ಯಾಯಾಮ ನಿಲ್ಲಸ್ರಿ. ಮುಂದಿನ ಪೇಶಂಟ್?"

ಪರದೆ ಕಪ್ಪಾಯಿತು.

ಅದು 2006. ಧಾರವಾಡದ ದೊಡ್ಡ ಆಸ್ಪತ್ರೆಗೂ ದೂರದ ತಾಲೂಕಾಸ್ಪತ್ರೆಗೂ ಉಪಗ್ರಹದ ಸಂಪರ್ಕ ಬಂದು ಆರು ತಿಂಗಳಾಗಿತ್ತು. ಪ್ರತಿ ಸೋಮವಾರ ಫಿಜಿಯೋಥೆರಪಿಸ್ಟ್ ಗುರುಬಸವ ಅಲ್ಲಿಂದ ರೋಗಿಗಳನ್ನು ತೋರಿಸುತ್ತಿದ್ದ. ಇಲ್ಲಿಂದ ಹಿರಿಯ ಫಿಜಿಯೋಥೆರಪಿಸ್ಟ್ ಭಾಗ್ಯಶ್ರೀ ವ್ಯಾಯಾಮ ಹೇಳುತ್ತಿದ್ದಳು. ರೋಗಿಗೆ ಹೆಸರಿಲ್ಲ, ನಂಬರು ಮಾತ್ರ. ಕ್ಯಾಮರಾ ತೋರಿಸುತ್ತಿದ್ದುದು ಲಕ್ವಾ ಹೊಡೆದ ಒಂದು ಕೈ, ಇಲ್ಲವೇ ಒಂದು ಕಾಲು.

ಹೀಗೆ ದೂರದಿಂದಲೇ ನೋಡುವ ಟೆಲಿಮೆಡಿಸಿನ್ ಮೇಲೆ ನಂಬಿಕೆ ಇದೆಯೇ ಎಂದು ಆಸ್ಪತ್ರೆಯವರು ಫಾರ್ಮು ಹಂಚಿದಾಗ ಗೆಳತಿ ದ್ರಾಕ್ಷಾಯಿಣಿ ನಕ್ಕಿದ್ದಳು. "ಮುಟ್ಟದ ಫಿಜಿಯೋಥೆರಪಿ ಅಂದ್ರ ಫೋಟೋ ನೋಡಿ ಊಟ ಮಾಡಿದಂಗ!"

ಭಾಗ್ಯಶ್ರೀ 'ಅಭಿಪ್ರಾಯವಿಲ್ಲ' ಎಂಬಲ್ಲಿ ಗುರುತು ಹಾಕಿದ್ದಳು. ನಿಶ್ಚಯವಾಗಿದ್ದ ಮದುವೆ ಮುರಿದು ಎರಡು ವರ್ಷ. ಅವಳಿಗೆ ಯಾವುದರ ಬಗ್ಗೆಯೂ ಅಭಿಪ್ರಾಯವಿರಲಿಲ್ಲ. ಸುಡುವ ಚಹಾ ಕುಡಿದರೂ ನಾಲಿಗೆಗೆ ತಾಗುತ್ತಿರಲಿಲ್ಲ.

ಮರು ಸೋಮವಾರ ಟೀವಿಯಲ್ಲಿ ಯಂತ್ರ ನೋಡಿಕೊಳ್ಳುವ ಇಮಾಮಹುಸೇನ ಒಬ್ಬನೇ ಕೂತಿದ್ದ.

"ಗುರುಬಸವ ಸರ್ ಎಲ್ಲಿ?"

"ರಜಾ ಹಾಕಿ ಅವ್ವನ್ನ ಉಣಕಲ್ಲಿನ ಮನಿಗೆ ಕರ್ಕೊಂಡು ಹೋದ್ರರಿ. ಬಿಟ್ಟುಬಿಡ್ರಿ ಅಂದ್ರಲ್ಲ ನೀವು... ಅದು ಅವರವ್ವನ ಕೈರಿ ಮೇಡಂ."

ಅವಳಿಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಪರ್ಸು ತೆಗೆದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದಳು, ಅಷ್ಟೇ.

ದಾರಿಯಲ್ಲೇ ಉಣಕಲ್ಲಿನಲ್ಲಿ ಇಳಿದು, ಕೆರೆ ಹಿಂದಿನ ಓಣಿಯಲ್ಲಿ ಕೇಳಿ ಕೇಳಿ ಮನೆ ಹುಡುಕಿದಳು. ಬಾಗಿಲಲ್ಲಿ ನಿಂತ ಗುರುಬಸವ ದಾರಿ ಬಿಡಲಿಲ್ಲ.

"ಅವ್ವ ಅಂತ ಯಾಕ ಹೇಳಲಿಲ್ರಿ?"

"ಹೇಳಿದ್ರ ಕನಿಕರಕ್ಕ ಛಲೋ ಐತಿ ಅಂತಿದ್ರಿ. ನನಗ ಖರೇ ಬೇಕಿತ್ತು. ಹೇಳಿದ್ರಿ. ಅವ್ವನೂ ಕೇಳಿದ್ಲು. ಅವತ್ತಿಂದ ಕೈ ಎತ್ತಾಕ ನೋಡೂದ ಬಿಟ್ಟಾಳ."

ಒಳಗಿನಿಂದ ಅವನ ಅವ್ವ ಶರಣವ್ವನ ತೊದಲು ದನಿ ಬಂತು. "ಯಾರೋ ಅದು? ಟೀವಿ ಹುಡುಗಿ ಏನು? ಒಳಗ ಬಿಡೋ! ಹೊಡದಾಡಾಕ ಇನ್ನೂ ಒಂದು ಕೈ ಐತಿ ನನಗ!"

ಭಾಗ್ಯಶ್ರೀ ಹಾಸಿಗೆಯ ಪಕ್ಕ ಕುಳಿತು ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟಳು.

"ಅವ್ವಾರ, ನನ್ನ ಬೆರಳು ಒತ್ರಿ."

ಏನಿಲ್ಲ.

"ಇನ್ನೊಮ್ಮೆ..."

ಏನಿಲ್ಲ.

"ನನ್ನ ಮ್ಯಾಲಿನ ಸಿಟ್ಟಿಗರೆ ಒತ್ರಿ!"

ಚರ್ಮದಡಿ ಏನೋ ಅದುರಿತು. ಇರುವೆ ಹರಿದಷ್ಟೇ... ಎರಡು ವರ್ಷದಲ್ಲಿ ಮೊದಲ ಸಲ ಅವಳಿಗೆ ಏನೋ ತಾಗಿತ್ತು.

"ಐತ್ರಿ..." ಅವಳು ಗುರುಬಸವನ ಕಡೆ ತಿರುಗಿದಳು. "ದಿನಾ ಮಾಡಿಸಿದ್ರ ಇನ್ನೂ ಬರಬಹುದು. ಟೀವಿದೇನೂ ತಪ್ಪಿಲ್ಲ. ಅಲ್ಲಿ ನಿಮ್ಮ ಬೆರಳ ನನ್ನ ಬೆರಳು. ನಾನ ನಂಬಲಿಲ್ಲ."

ಶರಣವ್ವ ಕಣ್ಣು ಮುಚ್ಚಿ ಮತ್ತೆ ಒತ್ತಲು ನೋಡುತ್ತಿದ್ದಳು. ಗುರುಬಸವ ಗೋಡೆಗೆ ಒರಗಿ ಕೂತ.

"ಸಿಟ್ಟು ಇಳೀತೇನ್ರಿ?" ಭಾಗ್ಯಶ್ರೀ ಕೇಳಿದಳು.

"ಇಲ್ಲ. ಆದ್ರ ಆರು ತಿಂಗಳು ನನಗ ವಾರದಾಗ ಸೋಮವಾರ ಒಂದ ಇತ್ರಿ. ಅದಕ್ಕ ನಿಮ್ಮ ಮಾತು ಅಷ್ಟು ಹತ್ತಿತು."

"ನನಗೂ ಇತ್ತು ಅಂತ... ಇವತ್ತು ಟೀವಿಯಾಗ ನೀವು ಕಾಣದಾಗ ಗೊತ್ತಾತು."

ಅವನು ಅವಳನ್ನೇ ನೋಡಿದ. "ನಾಳೆ ಮಂಗಳವಾರ."

"ನಾಳೆನೂ ಬರ್ತೇನಿ."