ಒಮ್ಮೆ ಹೇಳಿ ಮುಗಿಯದ ಷರತ್ತು

ಚಹಾದ ತಾಟು ಹಿಡಿದು ಪಡಸಾಲೆಗೆ ಬಂದ ಅಮರಮ್ಮ ಕಣ್ಣೆತ್ತಿದಳು. ಕನ್ಯೆ ನೋಡಲು ಬಂದವನು ಅಂಬಪ್ಪ!

'ಹುಡುಗ ಲಿಂಗಸುಗೂರಿನವ, ನಿನ್ನಂತೆ ಹೈದರಾಬಾದಿನಲ್ಲಿ ನೌಕರಿ' ಎಂದಷ್ಟೇ ಅಪ್ಪ ಸಿಂಧನೂರಿನಿಂದ ಕಾಗದ ಬರೆದಿದ್ದರು. ಅವಳದೇ ಕಂಪ್ಯೂಟರ್ ಆಫೀಸಿನ, ಎದುರು ಮೇಜಿನ ಜಗಳಗಂಟ ಎಂದು ಬರೆದಿರಲಿಲ್ಲ...

ಅದು 1974. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮಿಗೆ ಮಾಹಿತಿ ತುಂಬಿಡುವ ಟೇಪು ಎಷ್ಟು, ಯಾವ ಕೆಲಸಕ್ಕೆ ಯಂತ್ರದೊಳಗೆ ಎಷ್ಟು ಜಾಗ ಎಂದು ತಿಳಿಸುವುದು ಹೇಗೆ? ಜಗಳ ಇದೇ. ಶುರುವಿನಲ್ಲೇ ತೂತು ಹೊಡೆದ ಕಾರ್ಡುಗಳಲ್ಲಿ ಒಮ್ಮೆ ಹೇಳಿ ಮುಗಿಸಬೇಕು ಅಂತ ಅವನು. ಯಂತ್ರ ಓಡುವಾಗಲೂ ಟೈಪು ಮಾಡಿ ಬದಲಿಸಲು ಬರಬೇಕು ಅಂತ ಇವಳು.

ಹೋದ ವಾರ ಅವನು ಸಾಹೇಬರ ಕೋಣೆಗೆ ಹೋದ. ಅವತ್ತೇ ಇವಳು ಬರೆದಿಟ್ಟ ಯೋಜನೆ ಮೇಜಿನಿಂದ ಮಾಯ!

'ಇವನನ್ನಾ? ಸತ್ತರೂ ಒಪ್ಪುವುದಿಲ್ಲ' ಅಂದುಕೊಂಡಳು.

"ಹಿತ್ತಲದಾಗ ಇಬ್ರೂ ಮಾತಾಡಿಕೊಂಡು ಬರ್ರಿ," ಅಂದರು ಅಪ್ಪ ದ್ಯಾವಪ್ಪ. ಅವರು ಕಾಲುವೆ ಗೇಟು ನೋಡಿಕೊಳ್ಳುವವರು.

ಹಿತ್ತಲಿಗೆ ಕಾಲಿಟ್ಟಿದ್ದೇ ತಡ, ಅಮರಮ್ಮ ಕೇಳಿಯೇಬಿಟ್ಟಳು.

"ನನ್ನ ಯೋಜನೆ ಎಲ್ಲಿ ಒಗದ್ರಿ?"

ಅಂಬಪ್ಪ ಜೇಬಿನಿಂದ ಅದನ್ನೇ ತೆಗೆದುಕೊಟ್ಟ. ಕೊನೆಯಲ್ಲಿ ಸಾಹೇಬರ ಸಹಿ. ಮಂಜೂರು!

"ನಿಮ್ಮದ ಚಲೋ ಐತಿ ಅಂತ ನಾನ ಒಯ್ದು ಕೊಟ್ಟೀನ್ರಿ."

"ಮತ್ತ ನಿಮ್ಮ ಕಾರ್ಡು?"

"'ನಮ್ಮಪ್ಪ ಕಾಲುವಿ ನೀರು ನಿಲ್ಲಿಸಿ ಗೇಟು ತಿರುವ್ತಾರೇನು?' ಅಂತ ನೀವು ಕೇಳಿದ್ರಲ್ಲ... ಅವತ್ತ ಸೋತೆ. ನಿಮ್ಮ ಮನಿ ಯಾವುದಂತ ಅವತ್ತ ಕೇಳಿಕೊಂಡು, ಕನ್ಯೆ ಕೇಳಾಕ ಹಿರಿಯರನ್ನ ಕಳಿಸಿದೆ."

"ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಬಂದಾಗೆಲ್ಲ ಮಾರಿ ತಿರುವಿ ಹೋಗ್ತಿದ್ರಿ."

ಎಂಥ ಹುಚ್ಚಿ ನಾನು... ನಾಚಿಕೆ, ನಗು, ಖುಷಿ ಎಲ್ಲ ಒಟ್ಟಿಗೇ ಬಂದವು.

ಒಳಗೆ ಅವ್ವ ಜೋಗಮ್ಮನಿಗೆ ಗಾಬರಿ. "ಜಗಳಾಡಾಕತ್ತಾರೇನ್ರಿ?"

"ಸುಮ್ಮನಿರು, ನಗಾಕತ್ತಾರ," ಅಂದರು ದ್ಯಾವಪ್ಪ.

ಹಿತ್ತಲಲ್ಲಿ ಅಮರಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಳು.

"ನಂದೊಂದು ಷರತ್ತೈತಿ. ನಾ ನೌಕರಿ ಬಿಡಂಗಿಲ್ಲ."

"ಕಬೂಲ್. ಮತ್ತ?"

"ಉಳಿದದ್ದು ಮುಂದ ನೆನಪಾದ್ರ?"

"ಲಗ್ನದ ದಿನ ಒಮ್ಮೆ ಹೇಳಿದ್ರ ಮುಗೀತು ಅನ್ನಂಗಿಲ್ಲ. ಯಾವಾಗ ಬೇಕಾದ್ರೂ ಹೇಳ್ರಿ, ಕೇಳ್ತೀನಿ."

ಅವಳ ಕಣ್ಣು ತುಂಬಿದವು. "ನಿಮಗೇನೂ ಷರತ್ತಿಲ್ಲೇನ್ರಿ?"

"ಒಂದ ಐತಿ. ಮಾರಿ ತಿರುವಬ್ಯಾಡ್ರಿ."

ಅಮರಮ್ಮ ಅವನನ್ನೇ ನೇರ ನೋಡಿದಳು.

"ಇನ್ನ ತಿರುವಂಗಿಲ್ರಿ," ಅಂದಳು.