ಬಿಳಿಯಾಗುವವರೆಗೆ ಒತ್ತು

“ಕೈ ಚಾಚು ಗುಬ್ಬಿ.”

ಗುಬ್ಬಿ ಚಾಚಿದಳು. ಮೊಣಕೈ ಅರ್ಧಕ್ಕೇ ನಿಂತುಬಿಟ್ಟಿತು.

“ಪೂರ್ತಿ ಚಾಚೇ.”

“ಇಷ್ಟೇ ಬರ್ತಿದೆ ಅಪ್ಪ.”

ಅಪ್ಪನ ಮುಖ ಸಪ್ಪಗಾಯಿತು. ಹೋದ ವಾರ ಕೈ ಇದಕ್ಕಿಂತ ಚೆನ್ನಾಗಿ ಚಾಚುತ್ತಿತ್ತು. ನಾಳೆ ಆಸ್ಪತ್ರೆಯಲ್ಲಿ ಫಿಸಿಯೋ ಅಕ್ಕ ಅಳತೆ ತೆಗೆಯುತ್ತಾಳೆ. ಮೊಣಕೈಯ ಸುಟ್ಟ ಕಲೆ ಹೀಗೇ ಬಿಗಿಯುತ್ತಾ ಹೋದರೆ ಆಪರೇಷನ್ನೇ ಮಾಡಬೇಕಾಗುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು.

ಮೂರು ತಿಂಗಳ ಹಿಂದೆ ಅಪ್ಪನ ಹೊಲಿಗೆ ಕೋಣೆಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ ಗುಬ್ಬಿಯ ಕೈ ಮೇಲೆ ಬಿದ್ದಿತ್ತು. ಗಾಯವೇನೋ ಮಾಯ್ದಿತ್ತು. ಮೊಣಕೈ ಮಡಚುವ ಕಡೆ ಕೆಂಪಗೆ, ದಪ್ಪಗೆ ಕಲೆ ಉಳಿದಿತ್ತು. ದಿನಕ್ಕೆ ಮೂರು ಸಲ ಅಮ್ಮ ಅದಕ್ಕೆ ಕ್ರೀಮ್ ಹಚ್ಚಿ ಉಜ್ಜುತ್ತಿದ್ದಳು. ಆಗ ಗುಬ್ಬಿಯ ಕೂಗು ಬೀದಿಯ ಕೊನೆಗೂ ಕೇಳುತ್ತಿತ್ತು.

ಚಿಕ್ಕಮ್ಮನಿಗೆ ಪಾಪು ಹುಟ್ಟಿತೆಂದು ಅಮ್ಮ ಹೋಗಿ ಒಂದು ವಾರವಾಗಿತ್ತು. ಅಪ್ಪ ಉಜ್ಜಿದರೆ ನೋವೇ ಇಲ್ಲ. ಗುಬ್ಬಿ ಹಾಯಾಗಿ ಕಾಮಿಕ್ಸ್ ಓದುತ್ತಾ ಕೂರುತ್ತಿದ್ದಳು.

“ಅಪ್ಪ, ನೀನು ಒತ್ತೋದೇ ಇಲ್ಲ ಅಲ್ವಾ?”

“ಮಖಮಲ್ ಬಟ್ಟೆಗೆ ಇಸ್ತ್ರಿ ಒತ್ತಿದ್ರೆ ಏನಾಗುತ್ತೆ ಹೇಳು? ಅದರ ನವಿರೆಲ್ಲ ಕೂತ್ಕೊಂಡು ಹಾಳಾಗುತ್ತೆ. ಇದೂ ಹಾಗೇ, ಎಳೇ ಚರ್ಮ. ಅದಕ್ಕೇ ಮೆಲ್ಲಗೆ ಸವರ್ತೀನಿ.”

“ನಾನೇನು ನಿನ್ನ ಗಿರಾಕಿ ಕೊಟ್ಟ ಬಟ್ಟೆನಾ?”

ಅಪ್ಪ ನಗಲಿಲ್ಲ.

“ಕಲೆ ಬಿಳಿಯಾಗೋವರೆಗೆ ಒತ್ತಬೇಕಂತೆ,” ಅಂದಳು ಗುಬ್ಬಿ. “ ಫಿಸಿಯೋ ಅಕ್ಕ ಅಮ್ಮಂಗೆ ತೋರಿಸಿದ್ಲು. ನೀನು ಹೊರಗೇ ನಿಂತಿದ್ದೆ.”

ಅಪ್ಪ ಕಲೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದ.

“ಅಯ್ಯೋ ಅಮ್ಮಾ!” ಗುಬ್ಬಿ ಕಿರುಚಿದಳು.

ಅಪ್ಪ ಸರಕ್ಕನೆ ಕೈ ಎಳೆದುಕೊಂಡ. “ನನ್ನ ಕೈಲಾಗಲ್ಲ. ಪಕ್ಕದ್ಮನೆ ಆಂಟೀನ ಕರೀತೀನಿ ಇರು.” ಎದ್ದೇಬಿಟ್ಟ.

“ಬೇಡ. ನೀನೇ ಮಾಡು.”

“ಆ ಪೆಟ್ಟಿಗೇನ ಮೇಜಿನ ಅಂಚಿಗಿಟ್ಟವನೇ ನಾನು ಕಣೇ,” ಅಪ್ಪ ಗೋಡೆಯ ಕಡೆ ತಿರುಗಿ ಹೇಳಿದ. “ಈಗ ಮತ್ತೆ ನಾನೇ ನೋಯಿಸ್ಲಾ?”

ದಪ್ಪ ಕೋಟಿನ ಬಟ್ಟೆಯೊಳಗೂ ಸಲೀಸಾಗಿ ಸೂಜಿ ತೂರಿಸುವ ಬೆರಳುಗಳು ಅವು. ಈಗ ಒಂದು ಕಲೆ ಮುಟ್ಟಲು ಹಿಂಜರಿಯುತ್ತಿದ್ದವು. ಗುಬ್ಬಿ ಅವನ್ನೇ ನೋಡಿದಳು.

ಆಮೇಲೆ ಅವನ ಕೈ ಜಗ್ಗಿ ಪಕ್ಕಕ್ಕೆ ಕೂರಿಸಿದಳು. ಅವನ ಹೆಬ್ಬೆರಳನ್ನು ಕಲೆಯ ಮೇಲಿಟ್ಟು, ಅದರ ಮೇಲೆ ತನ್ನದನ್ನೂ ಇಟ್ಟು ಅದುಮಿದಳು. ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ಬಿಡಲಿಲ್ಲ. ಬೆರಳಿನ ಸುತ್ತ ಕೆಂಪು ಕಲೆ ಬೆಳ್ಳಗಾಯಿತು.

“ಹಾಂ, ಈಗ ಗುಂಡಗೆ ಉಜ್ಜು. ಚಿಕ್ಕಚಿಕ್ಕದಾಗಿ. ನಿಲ್ಲಿಸ್ಬೇಡ.”

ಐದು ನಿಮಿಷ ಅಪ್ಪ ನಿಲ್ಲಿಸದೆ ಉಜ್ಜಿದ. ಗುಬ್ಬಿ ಮತ್ತೆ ಕೈ ಚಾಚಿದಳು. ಪೂರ್ತಿ ಬರಲಿಲ್ಲ. ಆದರೆ ಮೊದಲಿಗಿಂತ ಎರಡು ಬೆರಳಿನಷ್ಟು ಮುಂದೆ ಹೋಯಿತು.

ಅಪ್ಪನ ಹಣೆಯ ತುಂಬ ಬೆವರು.

“ತುಂಬಾ ನೋವಾಯ್ತಾ?” ಗುಬ್ಬಿ ಕೇಳಿದಳು.

“ಹೂಂ,” ಅಂದ ಅಪ್ಪ.

“ಊಟ ಆದ್ಮೇಲೆ ಇನ್ನೊಂದ್ಸಲ ಇದೆ,” ಎನ್ನುತ್ತಾ ಅವಳು ಫ್ರಾಕಿನ ಅಂಚಿನಿಂದ ಅವನ ಹಣೆ ಒರೆಸಿದಳು.