ಸಿಂಹ ಕೇಳಿದ ಪ್ರಶ್ನೆ

ಏಳು ಹೊಳೆಗಳಾಚೆ, ಬಹಳ ಹಿಂದೆ, ಸಿರಿಹೊಳೆ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲೊಂದು ದನಿಮನೆ. ತೀರಿಹೋದವರ ದನಿಗಳನ್ನು ತಾಮ್ರದ ಕೊಡಗಳಲ್ಲಿ ತುಂಬಿಡುವ ಜಾಗ ಅದು. ಅದರ ಕಾವಲುಗಾರ ಮುದ್ದವೀರ. ಬಲಗಡೆಯ ಸರಪಳಿ ಎಳೆದರೆ ಕೊಡ ಹಾಡುತ್ತಿತ್ತು, ಎಡಗಡೆಯದನ್ನು ಎಳೆದರೆ ಸುಮ್ಮನಾಗುತ್ತಿತ್ತು. ಮೂವತ್ತು ವರ್ಷ ಅವನು ಹಾಗೆಯೇ ಎಳೆದಿದ್ದ.

ಅವನ ಹೆಂಡತಿ ಹೊನ್ನಾಜಿ ಸಾಯುವ ಮುನ್ನ ಒಂದು ಕೊಡಕ್ಕೆ ಹಸೆಹಾಡು ಹಾಡಿಟ್ಟಿದ್ದಳು. ಆ ನಾಡಿನಲ್ಲಿ ಮಗಳು ಹಸೆಗೇರುವಾಗ ತಾಯಿಯೇ ಹಾಡಬೇಕು. ಮಗಳು ಚೆಲುವಿ ಆಗಿನ್ನೂ ತೊಟ್ಟಿಲ ಕೂಸು. ಅವಳ ಹಸೆಯ ದಿನಕ್ಕೆಂದೇ ಮುದ್ದವೀರ ಆ ಕೊಡವನ್ನು ಒಮ್ಮೆಯೂ ಹಾಡಿಸಿರಲಿಲ್ಲ.

ಚೆಲುವಿ ಬೆಳೆದು ಮದುವೆ ಗೊತ್ತಾದ ಹೊತ್ತಿಗೆ ವಕ್ರತಾಳನೆಂಬ ಮಾಂತ್ರಿಕ ಬಂದ. ರಾಜನನ್ನು ಮರುಳುಮಾಡಿ ಹಳೆಯ ಅರಮನೆಯ ಮೇಲೆ ಹೊಸ ಮಾಯೆ ಹೊದಿಸಿದ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವನೂ ಚೆನ್ನಾಗಿದ್ದುದನ್ನೆಲ್ಲ ಬದಲಿಸಿದ. ಮೊದಲ ದಿನ ಮುದ್ದವೀರ ದೀಪ ಹಚ್ಚಲು ಎಂದಿನಂತೆ ಎರಡು ಚಪ್ಪಾಳೆ ತಟ್ಟಿದ. ತಲೆಯ ಮೇಲೆ ಬಾವಿಯ ನೀರು ಸುರಿಯಿತು. ಎರಡನೆಯ ದಿನ ಬಾಗಿಲು ಮುಚ್ಚಲೇ ಇಲ್ಲ.

"ಮುಚ್ಚಬೇಕಾದರೆ ಮೊದಲು 'ತೆರೆ' ಅನ್ನಬೇಕು ಕಣಯ್ಯ," ಎಂದ ವಕ್ರತಾಳ.

"ಇದ್ಯಾವ ನ್ಯಾಯ, ಬುದ್ಧಿ?"

"ನ್ಯಾಯ ಅಲ್ಲ, ಹೊಸತು. ಸರಪಳಿಗಳೂ ಅದಲುಬದಲಾಗಿವೆ. ಈಗ ಎಡಗಡೆಯದು ಹಾಡಿಸುತ್ತೆ. ಬಲಗಡೆಯದನ್ನು ಎಳೆದರೆ ದನಿ ಗಾಳಿಪಾಲು, ನೆನಪಿರಲಿ."

ಹೆಜ್ಜೆಹೆಜ್ಜೆಗೂ ಅವನು ನಿಲ್ಲಿಸಿದ ಒಂದು ಕಲ್ಲಿನ ಸಿಂಹ. ಕಿಟಕಿ ತೆರೆದರೂ, ಚಾಪೆ ಹಾಸಿದರೂ ಅದು ಕೇಳುವುದು ಒಂದೇ: "ನಿಶ್ಚಯವೇ?" ದಿನಕ್ಕೆ ನೂರು ಸಲ ಕೇಳಿದರೆ ಯಾರು ತಾನೇ ಕಿವಿಗೊಟ್ಟಾರು? ಜನ ತಿರುಗಿಯೂ ನೋಡದೆ "ಹೌದು, ಹೌದು" ಎನ್ನತೊಡಗಿದರು.

ಮೂರನೆಯ ದಿನ ದನಿಮನೆಯಲ್ಲೇ ಚೆಲುವಿಯ ಮದುವೆ. ಹಸೆಯ ಮೇಲೆ ಕೂತ ಮಗಳು, "ಅಪ್ಪಯ್ಯ, ಅವ್ವನ ದನಿ ಹೇಗಿತ್ತೋ ಕಾಣೆ, ಬೇಗ ಕೇಳಿಸು," ಎಂದಳು. ಮುದ್ದವೀರನ ಕಣ್ಣು ತುಂಬಿ ಬಂತು. ಕೈ ಸರಪಳಿ ಎಳೆಯಿತು.

"ಈ ದನಿಯನ್ನು ಗಾಳಿಗೆ ಬಿಡಲೇ? ನಿಶ್ಚಯವೇ?" ಎಂದಿತು ಸಿಂಹ.

"ಹೌದು, ಹೌದು," ಎಂದ ಮುದ್ದವೀರ.

ಕೊಡ ಒಮ್ಮೆ ಉಸಿರುಬಿಟ್ಟು ಬರಿದಾಯಿತು. ಅವನು ಎಳೆದದ್ದು ಬಲಗಡೆಯದನ್ನು. ಅವನಿಗೆ ಗೊತ್ತಿತ್ತು, ಅವನ ಕೈಗೆ ಗೊತ್ತಿರಲಿಲ್ಲ.

ಅವನ ಗೋಳು ಕೇಳಿ ರಾಜ ಓಡಿಬಂದ. "ಎಲ್ಲ ಮೊದಲಿನಂತೆ ಮಾಡು!" ಎಂದು ಮಾಂತ್ರಿಕನ ಮೇಲೆ ಗರ್ಜಿಸಿದ.

ಮಾಯೆ ತೆಗೆಯಲೆಂದು ವಕ್ರತಾಳ ಸಿಂಹದ ಕಿವಿ ಹಿಡಿದು ತಿರುಗಿಸುತ್ತ, "ತಪ್ಪು ಇವನದೇ ಪ್ರಭು, ಎಚ್ಚರಿಸಿದ್ದೆನಲ್ಲ!" ಎಂದು ವಾದಕ್ಕಿಳಿದ.

"ನಿನ್ನ ಮಾಯೆಯನ್ನೂ ನಿನ್ನನ್ನೂ ಅಳಿಸಲೇ? ನಿಶ್ಚಯವೇ?" ಎಂದಿತು ಸಿಂಹ.

"ಹೌದು ಹೌದು, ಸುಮ್ಮನಿರು!" ಎಂದ ವಕ್ರತಾಳ. ಅಷ್ಟೇ. ಅವನೂ ಇಲ್ಲ, ಅವನ ಮಾಯೆಯೂ ಇಲ್ಲ. ಹಳೆಯ ಅರಮನೆ ಹಾಗೆಯೇ ನಿಂತಿತ್ತು.

ಹೊನ್ನಾಜಿಯ ಕೊಡ ಮಾತ್ರ ತುಂಬಲಿಲ್ಲ. ಮುದ್ದವೀರ ತಾನೇ ಹಾಡಲು ಬಾಯಿ ತೆರೆದ. ಬಂದದ್ದು ಎರಡೇ ಸಾಲು. ಕೊಡದಲ್ಲಿದೆಯಲ್ಲ ಎಂದು ಅವನು ಹಾಡನ್ನು ಕಲಿತೇ ಇರಲಿಲ್ಲ.

"ನನ್ನ ಕೈ ಸೇದಿಹೋಗಲಿ ಮಗಳೇ," ಎಂದು ಬಿಕ್ಕಿದ.

ಚೆಲುವಿ ಆ ಕೈಯನ್ನು ಹಿಡಿದುಕೊಂಡಳು. "ಅವೇ ಎರಡು ಸಾಲನ್ನ ಇನ್ನೊಂದು ಸಲ ಹಾಡಪ್ಪಯ್ಯ."

ಮುಹೂರ್ತ ಮುಗಿಯುವವರೆಗೂ ಅವನು ಅವೇ ಎರಡು ಸಾಲು ಹಾಡಿದ. ಚೆಲುವಿ ಗಂಡನೊಡನೆ ಸುಖವಾಗಿ ಬಾಳಿದಳು, ರಾಜ್ಯವೂ ಸುಖವಾಗಿತ್ತು. ಸಿರಿಹೊಳೆಯ ಹೆಣ್ಣುಮಕ್ಕಳ ಹಸೆಹಾಡಿಗೆ ಇಂದಿಗೂ ಎರಡೇ ಸಾಲು.